ಬಾಯ್ಲರಣ್ಣನ ಸಿಪ್ಪೆ ವೈದ್ಯ

ಇಪ್ಪತ್ತಾರು ವರ್ಷ ಒಂದೇ ಬಾಯ್ಲರಿನ ಮುಂದೆ, ಒಂದೇ ಸ್ಟೂಲಿನ ಮೇಲೆ ಕೂತವನನ್ನು ಜನ ಬೇರೆ ಏನೆಂದು ಕರೆಯಬೇಕು? ಬಾಯ್ಲರಣ್ಣ ಎಂದರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅದನ್ನು ಯಾರಾದರೂ ಗಟ್ಟಿಯಾಗಿ ಕೂಗಿದರೆ ಅವನೇ ಹಿಂದೆ ತಿರುಗಿ, ಯಾರಪ್ಪ ಅದು ಎಂದು ನೋಡುತ್ತಿದ್ದ.

ಅದೊಂದು ದೊಡ್ಡ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲು ದಿನಕ್ಕೆ ಮೂರು ಲಾರಿ ಬರುತ್ತಿದ್ದವು, ಮೂರು ಲಾರಿ ಹೋಗುತ್ತಿದ್ದವು. ಒಗೆಯುವುದಕ್ಕೆ ಬಿಸಿನೀರು ಬೇಕು, ಇಸ್ತ್ರಿಯ ಉರುಳೆಗೆ ಆವಿ ಬೇಕು, ಎರಡಕ್ಕೂ ಬಾಯ್ಲರ್ ಬೇಕು, ಬಾಯ್ಲರಿಗೆ ಬಾಯ್ಲರಣ್ಣ ಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರು ಮರೆಯದ ಹಾಗೆ ಅವನೇ ನೋಡಿಕೊಳ್ಳುತ್ತಿದ್ದ. ಗೇಜಿನ ಮುಳ್ಳು ಏಳರ ಮೇಲೆ ನಿಂತಿರಬೇಕು. ಎಂಟೂವರೆ ಮುಟ್ಟಿದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆದು ಆವಿಯನ್ನು ಹೊರಗೆ ಉಗುಳುತ್ತದೆ. ಅವನ ಕಾಲದಲ್ಲಿ ಅದು ಉಗುಳಿದ್ದು ಎರಡೇ ಸಲ, ಎರಡು ಸಲವೂ ಅವನು ರಜೆಯಲ್ಲಿದ್ದ. ಗಂಟೆಗೊಮ್ಮೆ ಎದ್ದು ಗೇಜು ನೋಡಿ ನೀಲಿ ರಟ್ಟಿನ ರಿಜಿಸ್ಟರಿನಲ್ಲಿ ನಾಲ್ಕು ಕಲಂ ತುಂಬುತ್ತಿದ್ದ: ಹೊತ್ತು, ಒತ್ತಡ, ನೀರು, ಷರಾ. ಬರೆದು ಮೊಳೆಗೆ ನೇತುಹಾಕಿ ಮತ್ತೆ ಕೂರುತ್ತಿದ್ದ.

ಅವನ ಲೆಕ್ಕದಲ್ಲಿ ಲಾಂಡ್ರಿಯಲ್ಲಿ ಎರಡೇ ಬಗೆಯ ಕೆಲಸ. ಒಂದು ಬಾಯ್ಲರಿನದು, ಇನ್ನೊಂದು ಮಿಕ್ಕಿದ್ದು. ಮಿಕ್ಕಿದ್ದರಲ್ಲೂ ತೀರಾ ಕಡೆಯದು ಬಟ್ಟೆ ಮಡಚುವುದು. ಅಲ್ಲಿನ ಮುಖ್ಯಸ್ಥ ಅವನ ಸ್ವಂತ ಭಾಮೈದ, ಹೆಂಡತಿಯ ತಮ್ಮ. ಕಡ್ಡಿಯಂಥ ಆಳು. ಇಪ್ಪತ್ತು ವರ್ಷದ ಕೆಳಗೆ ಅವನನ್ನು ಕೈಹಿಡಿದು ತಂದು ಕೆಲಸಕ್ಕೆ ಸೇರಿಸಿದವನು ಬಾಯ್ಲರಣ್ಣನೇ. ಆದರೂ ಅವನು ಎದುರಾದಾಗಲೆಲ್ಲ, "ಏನಪ್ಪಾ, ಇವತ್ತು ಮೂಲೆಗೆ ಮೂಲೆ ಸೇರ್ತಾ?" ಎಂದು ಕೇಳದೆ ಬಿಟ್ಟ ದಿನವಿಲ್ಲ.

ಬಾಯ್ಲರ್ ನೋಡಿಕೊಳ್ಳುವವನಿಗೆ ವರ್ಷಕ್ಕೊಮ್ಮೆ ಮೈ ನೆಟ್ಟಗಿದೆ ಎಂಬ ಸರ್ಟಿಫಿಕೇಟ್ ಬೇಕು. ಆ ವರ್ಷ, ತಿಂಗಳಿಗೊಮ್ಮೆ ಲಾಂಡ್ರಿಗೆ ಬಂದುಹೋಗುವ ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು, ಇಳಿಸಿದರು, ಮತ್ತೆ ಹಾಕಿದರು. ಮೂರನೇ ಸಲ ಆದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೂರಾ ಅರವತ್ತೆಂಟು. ಕೆಳಗಡೆ ನೂರಾ ನಾಲ್ಕು."

"ಏನದು ನೂರಾ ಅರವತ್ತೆಂಟು?"

"ನಿಮ್ಮ ರಕ್ತದ ಒತ್ತಡ. ಬಿ.ಪಿ."

ಬಾಯ್ಲರಣ್ಣನಿಗೆ ನಗು ಬಂತು. "ಡಾಕ್ಟರಮ್ಮ, ಏಳರ ಒತ್ತಡಕ್ಕೇ ಮೂರು ಲಾರಿ ಬಟ್ಟೆ ಒಣಗುತ್ತೆ. ನೂರಾ ಅರವತ್ತೆಂಟು ಇದ್ದಿದ್ರೆ ನಾನು ಈ ಕುರ್ಚೀಲಿ ಇರ್ತಿರಲಿಲ್ಲ. ಸೂರಲ್ಲಿ ಒಂದು ತೂತು ಇರ್ತಿತ್ತು."

"ಅದರ ಅಳತೆ ಬೇರೆ, ಇದರ ಅಳತೆ ಬೇರೆ," ಎಂದರು ಡಾಕ್ಟರಮ್ಮ, ನಗದೆ. "ಮುಂದಿನ ತಿಂಗಳು ನಾನು ಬರೋ ಹೊತ್ತಿಗೆ ಮೇಲಿನದು ನೂರಾ ನಲವತ್ತರ ಒಳಗಿರಬೇಕು. ಇಲ್ಲಾಂದ್ರೆ ಸಹಿ ಹಾಕಲ್ಲ. ಬಾಯ್ಲರ್ ಮುಂದೆ ನೀವು ತಲೆ ತಿರುಗಿ ಬಿದ್ರೆ ಹೋಗೋದು ನಿಮ್ಮೊಬ್ಬರ ಜೀವ ಅಲ್ಲ."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು ಗಾಯಕ್ಕೆ ಉಪ್ಪು ಸವರಿದ. "ಚಿಂತೆ ಮಾಡ್ಬೇಡ ಮಾರಾಯ. ಸಹಿ ಸಿಗದಿದ್ರೆ ಮಡಚೋ ಕಡೆ ಒಂದು ಜಾಗ ಖಾಲಿ ಇದೆ. ಹೇಗೂ ನಿನ್ನ ಭಾಮೈದನೇ ಇದ್ದಾನೆ."

ಬಾಯ್ಲರಣ್ಣನಿಗೆ ಆ ಕ್ಷಣ ಪಟ್ಟಿ ಸುತ್ತಿದ್ದರೆ ಪಟ್ಟಿಯೇ ಹರಿಯುತ್ತಿತ್ತು.

ಡಾಕ್ಟರಮ್ಮ ಒಂದು ತಿಂಗಳ ಮಾತ್ರೆ ಕೊಟ್ಟರು. ದಿನಕ್ಕೊಂದು, ತಪ್ಪಿಸಬಾರದು. ಆಮೇಲೆ ಊಟದ ವಿಷಯ ಹೇಳಿದರು. "ಹಣ್ಣು, ತರಕಾರಿ ಜಾಸ್ತಿ ತಿನ್ನಿ. ಸೇಬನ್ನ ಸಿಪ್ಪೆ ಸಮೇತ ತಿನ್ನಿ. ಈರುಳ್ಳಿ, ಕಪ್ಪು ದ್ರಾಕ್ಷಿ, ಕಿತ್ತಳೆ, ಸಕ್ಕರೆ ಕಮ್ಮಿ ಹಾಕಿದ ಚಹಾ. ಇವುಗಳಲ್ಲಿ ಫ್ಲೇವನಾಯ್ಡ್ ಅಂತ ಒಂದು ಸತ್ವ ಇರುತ್ತೆ. ಬಿಸಿಲು, ಹುಳದ ಕಾಟ ತಡ್ಕೊಳ್ಳೋಕೆ ಗಿಡ ತನಗೇ ಅಂತ ಮಾಡ್ಕೊಳ್ಳೋದು. ಎಷ್ಟೋ ಹಣ್ಣಲ್ಲಿ ಸಿಪ್ಪೇಲೇ ಜಾಸ್ತಿ. ರಕ್ತನಾಳದ ಒಳಗೋಡೆ ಬಿಗಿ ಬಿಟ್ಟು ಸಡಿಲ ಆಗೋಕೆ ಅದು ನೆರವಾಗುತ್ತೆ. ಒತ್ತಡ ಎರಡೋ ನಾಲ್ಕೋ ಪಾಯಿಂಟ್ ಇಳಿಯಬಹುದು, ಅಷ್ಟೇ. ಪವಾಡ ಏನಿಲ್ಲ. ಮಾತ್ರೆಗೆ ಅದು ಬದಲಿ ಅಲ್ಲ. ಮುಖ್ಯವಾಗಿ ಉಪ್ಪು..."

ಉಪ್ಪು ಎನ್ನುವ ಹೊತ್ತಿಗೆ ಬಾಯ್ಲರಣ್ಣನ ಕಿವಿ ಅಲ್ಲಿರಲಿಲ್ಲ. ಸಿಪ್ಪೆ, ಒಳಗೋಡೆ, ಸಡಿಲ. ಈ ಮೂರು ಮಾತು ಅವನನ್ನು ಇಪ್ಪತ್ತಾರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿದ್ದವು.

ಅವನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ತಿಂಗಳಿಗೊಮ್ಮೆ ಬಾಯ್ಲರಿನ ನೀರಿಗೆ ಒಂದು ಚೀಲ ಆಲೂಗಡ್ಡೆ ಸಿಪ್ಪೆ ಸುರಿಯುತ್ತಿದ್ದ, ಜೊತೆಗೆ ಮರದ ತೊಗಟೆ ಕುದಿಸಿದ ಕಷಾಯ. ನೀರಿನಲ್ಲಿರುವ ಸುಣ್ಣ ಕಬ್ಬಿಣದ ಒಳಗೋಡೆಗೆ ಪದರ ಪದರವಾಗಿ ಅಂಟುತ್ತದೆ. ತೊಗಟೆಯ ಒಗರು, ಸಿಪ್ಪೆಯ ಲೋಳೆ ಅದನ್ನು ಸಡಿಲ ಮಾಡುತ್ತವೆ. ಈಗ ಆ ಕಾಲ ಹೋಗಿ ಪುಡಿ ಬಂದಿದೆ, ವಾರಕ್ಕೊಂದು ಡಬ್ಬಿ ಹಾಕಿದರೆ ಆಯಿತು. ಆದರೆ ಸಂಗತಿ ಅದೇ ತಾನೆ. ನಾಲ್ಕನೇ ತರಗತಿ ಓದಿದ ಮೇಸ್ತ್ರಿ ಕಂಡುಹಿಡಿದದ್ದನ್ನು ಈ ಡಾಕ್ಟರುಗಳು ಈಗ ಕನ್ನಡಕ ಹಾಕಿಕೊಂಡು ಕಂಡುಹಿಡಿದಿದ್ದಾರೆ. ತಾನೂ ಒಂದು ಬಾಯ್ಲರು, ಐವತ್ತೆರಡು ವರ್ಷ ಹಳೆಯದು, ಒಳಗೆ ಪದರ ಕಟ್ಟಿದೆ. ಸಿಪ್ಪೆ ಹಾಕಿದರೆ ಉದುರುತ್ತದೆ.

ಮಾತ್ರೆ ಬೇಡ. ಮಾತ್ರೆ ಎಂದರೆ ಗೇಜಿನ ಮುಳ್ಳನ್ನು ಕೈಯಿಂದ ಬಗ್ಗಿಸಿದ ಹಾಗೆ. ಮುಳ್ಳಿಗೆ ಕೈ ಹಾಕಿದವನು ಬಾಯ್ಲರಿನವನೇ ಅಲ್ಲ ಎಂದು ಮೇಸ್ತ್ರಿ ಹೇಳಿದ್ದ. ಬಾಯ್ಲರಣ್ಣ ಮಾತ್ರೆಯ ಹಾಳೆಗಳನ್ನು ಯೂನಿಫಾರಂ ಅಂಗಿಯ ಒಳಜೇಬಿಗೆ ತುರುಕಿ ಮರೆತ.

ಆ ಸಂಜೆ ಮನೆಯಲ್ಲಿ ಹೆಂಡತಿ ಸೇಬು ಹೆಚ್ಚುತ್ತಿದ್ದಳು. ಅವನು ಚಾಕು ಕಸಿದುಕೊಂಡು ಸಿಪ್ಪೆಯನ್ನು ಹಗ್ಗದ ಹಾಗೆ ಸುತ್ತಿ ಸುತ್ತಿ ತೆಗೆದ. ಸಿಪ್ಪೆ ತಾನಿಟ್ಟುಕೊಂಡು ಬೋಳು ಹಣ್ಣನ್ನು ಅವಳ ಮುಂದೆ ಇಟ್ಟ.

"ಇದೇನ್ರೀ?"

"ಹಣ್ಣು ನೀನು ತಿನ್ನು."

ಅವಳು ಹಣ್ಣನ್ನು ನೋಡಿದಳು, ಗಂಡನನ್ನು ನೋಡಿದಳು. "ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಮೊದಲ್ನೇ ಸಲ ಹಣ್ಣು ನನಗೆ ಕೊಟ್ರಿ. ಕಾಯಿಲೆ ದೊಡ್ಡದೇ ಇರಬೇಕು."

ಮಾರನೆಯ ದಿನದಿಂದ ಸಿಪ್ಪೆಯ ವ್ರತ ಶುರುವಾಯಿತು. ಕ್ಯಾಂಟೀನಿನ ಅಡಿಗೆಯವಳಿಗೆ ಹೇಳಿ ಈರುಳ್ಳಿ ಸಿಪ್ಪೆ ಎತ್ತಿಡಿಸಿದ. ಹಣ್ಣಿನ ರಸದ ಅಂಗಡಿಯವನು ದಿನಕ್ಕೊಂದು ಚೀಲ ಕಿತ್ತಳೆ ಸಿಪ್ಪೆ ಕೊಟ್ಟ, ಇವರ ಮನೆಯಲ್ಲಿ ಮೇಕೆ ಸಾಕಿದ್ದಾರೆ ಅಂದುಕೊಂಡು. ಸುದ್ದಿ ಹರಡಿ ಒಗೆಯುವವರು, ಲಾರಿಯವರು, ಗೇಟಿನವನು ಎಲ್ಲರೂ ತಿಂದುಳಿದ ಸಿಪ್ಪೆ ಕಾಗದದಲ್ಲಿ ಕಟ್ಟಿ ತಂದು ಬಾಯ್ಲರ್ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗತೊಡಗಿದರು. ಹಿಂದಿನಿಂದ ನಗುತ್ತಿದ್ದರು ಎನ್ನುವುದು ಬೇರೆ ಮಾತು. ನಗುವವರಿಗೇನು, ಅವರ ಮುಂದೆ ಏಳರ ಒತ್ತಡ ಕೂತಿಲ್ಲ.

ತಿನ್ನುವುದು ಮಾತ್ರ ಸುಲಭವಿರಲಿಲ್ಲ. ಈರುಳ್ಳಿಯ ಹೊರಸಿಪ್ಪೆ ನಾಲಿಗೆಗೆ ಹಳೇ ಪೇಪರಿನ ಹಾಗೆ ಅಂಟುತ್ತಿತ್ತು. ಕಿತ್ತಳೆಯದು ಕಹಿ. ಒಂದು ತುತ್ತು ಒಳಗೆ ಹೋದರೆ ಎರಡು ವಾಪಸು ಬರುತ್ತಿದ್ದವು. ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲವಲ್ಲ. ಬಾಯ್ಲರಣ್ಣ ಮನೆಯಿಂದ ಒಂದು ಬಟ್ಟಲು ಉಪ್ಪು ತಂದು ಪಕ್ಕದಲ್ಲಿಟ್ಟುಕೊಂಡು, ಸಿಪ್ಪೆಯನ್ನು ಅದರಲ್ಲಿ ಹೊರಳಿಸಿ ಹೊರಳಿಸಿ ತಿಂದ. ಆಗ ಇಳಿಯಿತು.

ಒತ್ತಡ ನೋಡುವ ಪುಟ್ಟ ಯಂತ್ರವೊಂದನ್ನು ಕೊಂಡು ತಂದು ಸ್ಟೂಲಿನ ಪಕ್ಕ ಇಟ್ಟ. ಉಗ್ರಾಣದವನನ್ನು ಗದರಿಸಿ ಇನ್ನೊಂದು ನೀಲಿ ರಟ್ಟಿನ ರಿಜಿಸ್ಟರು ಇಸಿದುಕೊಂಡ. ಕಲಂಗಳು ಹೇಗೂ ಇದ್ದವಲ್ಲ, ಹೊತ್ತು, ಒತ್ತಡ, ನೀರು, ಷರಾ. ಗಂಟೆಗೊಮ್ಮೆ ಮೊದಲು ಬಾಯ್ಲರಿನದು, ಆಮೇಲೆ ತನ್ನದು. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದ. ಒಂದು ದಿನ ಹೀಗೆ ಬರೆದಿದ್ದ: "ಹತ್ತು ಗಂಟೆ. ೧೭೦. ಎರಡು ಲೋಟ. ಈರುಳ್ಳಿ ಸಿಪ್ಪೆ ಒಂದು ಹಿಡಿ, ಹೊಟ್ಟೆಯಲ್ಲಿ ಗುಡುಗು. ಹನ್ನೊಂದು ಗಂಟೆ. ೧೭೨. ಅರ್ಧ ಲೋಟ. ಭಾಮೈದನ ಮುಖ ನೋಡಿದ್ದರಿಂದ."

ಹದಿಮೂರು ದಿನ ಕಳೆಯಿತು. ಒತ್ತಡ ಇಳಿಯಲಿಲ್ಲ, ನಾಲ್ಕು ಏರಿತು. ಸಿಪ್ಪೆ ಸಾಲದು ಎಂದು ಇನ್ನೂ ಒಂದು ಹಿಡಿ ಹೆಚ್ಚಿಸಿದ. ಜೊತೆಗೆ ಉಪ್ಪೂ ಹೆಚ್ಚಿತು.

ಹದಿನಾಲ್ಕನೆಯ ದಿನ ಸಂಜೆ ಭಾಮೈದ ಮನೆಗೆ ಬಂದ. ಕೈಯಲ್ಲಿ ಮೂರು ಮಾತ್ರೆ ಹಾಳೆ, ಫಳಫಳ ಹೊಳೆಯುತ್ತಿದ್ದವು.

"ಅಕ್ಕಾ, ಭಾವನ ಯೂನಿಫಾರಂ ಮಡಚೋವಾಗ ಒಳಜೇಬಲ್ಲಿ ಸಿಕ್ತು. ಎರಡು ಸಲ ಒಗೆದು, ಇಸ್ತ್ರಿನೂ ಆಗಿದೆ. ಎಣಿಸಿ ನೋಡಿದೆ, ಮೂವತ್ತಕ್ಕೆ ಮೂವತ್ತೂ ಇದೆ."

"ನಿನಗ್ಯಾರೋ ಜೇಬು ನೋಡು ಅಂದೋರು?" ಬಾಯ್ಲರಣ್ಣ ಎದ್ದು ನಿಂತ.

"ಜೇಬು ನೋಡೋದೇ ನಮ್ಮ ಕೆಲಸ ಭಾವ. ಮೂಲೆಗೆ ಮೂಲೆ ಸೇರಿಸೋದೊಂದೇ ಅಲ್ಲ."

ಹೆಂಡತಿ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಗಂಡನ ಮುಂದೆ ಬೋರಲು ಹಾಕಿದಳು. ನಾಲ್ಕು ಹರಳು ಬಿದ್ದವು. "ತಿಂಗಳಿಗೆ ಅಂತ ತುಂಬಿಸಿದ್ದೆ. ನಾನು ಇಲಿ ಅಂದ್ಕೊಂಡಿದ್ದೆ. ಇಲಿ ಉಪ್ಪು ತಿನ್ನಲ್ವಲ್ಲ ಅಂತ ಯೋಚನೆ ಬೇರೆ."

"ಸಿಪ್ಪೆ ಇಳೀಬೇಕಲ್ಲ."

"ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ನಿಮ್ಮ ಮೇಸ್ತ್ರಿ ಬಾಯ್ಲರಿಗೆ ಸಿಪ್ಪೆ ಹಾಕೋವಾಗ ಉಪ್ಪು ಹಾಕ್ತಿದ್ರಾ?"

"ಏನು ಮಾತು ಅಂತ ಆಡ್ತೀಯೆ. ಉಪ್ಪು ಬಿದ್ರೆ ಬಾಯ್ಲರ್ ಉಳಿಯುತ್ತಾ? ನೀರು ನೊರೆ ಕಕ್ಕುತ್ತೆ, ಕಬ್ಬಿಣಾನೇ ತಿಂದು ಹಾಕುತ್ತೆ, ಒತ್ತಡ..."

ಅಲ್ಲಿಗೆ ನಿಂತ. ತನ್ನ ಮಾತು ತನಗೇ ಕೇಳಿಸಿತು.

"ಡಾಕ್ಟರಮ್ಮ ಉಪ್ಪಿನ ವಿಷಯ ಏನೋ ಹೇಳ್ತಿದ್ರು," ಎಂದ ಕೊನೆಗೆ, ಸ್ವರ ಇಳಿಸಿ.

"ಹೇಳಿರ್ತಾರೆ. ಕೇಳೋ ಕಿವಿ ಬೇಕಲ್ಲ." ಹೆಂಡತಿ ಒಗೆದ ಹಾಳೆಯಿಂದ ಒಂದು ಮಾತ್ರೆ ಒತ್ತಿ ತೆಗೆದಳು, ಮೂಸಿ ನೋಡಿದಳು, ಕಸಕ್ಕೆ ಎಸೆದು ತಮ್ಮನನ್ನು ಹೊಸದು ತರಲು ಅಂಗಡಿಗೆ ಅಟ್ಟಿದಳು. ಇಸ್ತ್ರಿಯಾದ ಮಾತ್ರೆಯನ್ನು ಗಂಡನಿಗೆ ಕೊಡುವಷ್ಟು ಕೋಪ ಅವಳಿಗಿನ್ನೂ ಬಂದಿರಲಿಲ್ಲ.

ಅಂದಿನಿಂದ ಮಾತ್ರೆ ತಪ್ಪಲಿಲ್ಲ. ಬಟ್ಟಲು ಉಪ್ಪು ಹೋಯಿತು. ಸೇಬು ಸಿಪ್ಪೆಯ ಜೊತೆಗೆ ಹಣ್ಣೂ ಒಳಗೆ ಹೋಯಿತು. ಹೆಂಡತಿಗೆ ಅದೊಂದೇ ಬೇಸರ. ಈರುಳ್ಳಿಯನ್ನು ಮನುಷ್ಯರ ಹಾಗೆ ತಿಂದ, ಹೊರಸಿಪ್ಪೆಯನ್ನು ಕಸದ ಬುಟ್ಟಿಗೆ ಬಿಟ್ಟ. ನೀಲಿ ರಿಜಿಸ್ಟರಿನಲ್ಲಿ ಅಂಕಿ ಮೆಲ್ಲಗೆ ಇಳಿಯಿತು. ನೂರಾ ಅರವತ್ತು, ನೂರಾ ಐವತ್ತೆರಡು, ಕಡೆಯ ದಿನ ನೂರಾ ನಲವತ್ತೆರಡು. ಇನ್ನೂ ಎರಡು ಇಳಿಯಬೇಕು. ಎರಡಕ್ಕೆ ಅವನ ಮರ್ಯಾದೆ ಸಿಕ್ಕಿಕೊಂಡಿತ್ತು.

ಡಾಕ್ಟರಮ್ಮ ಬರುವ ದಿನ ಬಂತು. ಅದೇ ದಿನ, ಹೇಳದೆ ಕೇಳದೆ, ಬಾಯ್ಲರ್ ತಪಾಸಣೆಯ ಇನ್ಸ್‌ಪೆಕ್ಟರೂ ಬಂದ. ಗೇಟಿನಲ್ಲಿ ಜೀಪು ನಿಂತ ಸದ್ದಿಗೇ ಮ್ಯಾನೇಜರು ಮೆಟ್ಟಿಲ ಮೇಲಿಂದ ಕೂಗಿದ. "ಬಾಯ್ಲರಣ್ಣ, ಡಾಕ್ಟರಮ್ಮ ಕಾಯ್ತಿದ್ದಾರೆ. ಅದೇನೋ ನಿನ್ನ ಒತ್ತಡದ ಪುಸ್ತಕ ಇದೆಯಂತಲ್ಲ, ತಗೊಂಡು ಬೇಗ ಬಾ." ಬಾಯ್ಲರಣ್ಣ ಮೊಳೆಯಿಂದ ಒಂದು ನೀಲಿ ರಿಜಿಸ್ಟರು ಕಿತ್ತುಕೊಂಡು ಮೇಲೆ ಓಡಿದ. ಇನ್ನೊಂದು ಮೊಳೆಯಲ್ಲಿ ತೂಗಾಡುತ್ತ ಉಳಿಯಿತು.

ಡಾಕ್ಟರಮ್ಮ ಪುಟ ತೆರೆದರು. ಇನ್ನೊಂದು ಪುಟ ತಿರುಗಿಸಿದರು. ಅವನ ಮುಖ ನೋಡಿದರು.

"ಒತ್ತಡ ಏಳು ಅಂತ ಬರ್ದಿದ್ದೀರಿ."

"ಹಾಂ?"

"ಏಳು. ಏಳು. ಆರೂ ಮುಕ್ಕಾಲು. ಇಡೀ ತಿಂಗಳು. ಆಮೇಲೆ ಇಲ್ಲಿ, ಷರಾ ಅಂತ, 'ತಳದ ವಾಲ್ವ್ ತೆರೆದು ಕೆಸರು ಬಿಟ್ಟೆ. ಹೊಗೆ ಕೊಳವೆ ಉಜ್ಜಿದೆ.' ಇದನ್ನೆಲ್ಲ ಮಾಡ್ಕೊಳ್ಳೋಕೆ ನಾನು ಹೇಳಿದ್ನಾ?"

ಬಾಯ್ಲರಣ್ಣನಿಗೆ ಆಗ ಹೊಳೆಯಿತು, ತಂದದ್ದು ಬಾಯ್ಲರಿನ ರಿಜಿಸ್ಟರು. ಇದು ಇಲ್ಲಿದ್ದರೆ ಅದು ಅಲ್ಲಿದೆ. ಬಾಯಿ ತೆರೆಯುವ ಮೊದಲೇ ಕೆಳಗೆ ಸೈರನ್ ಕೂಗಿತು.

ಕೆಳಗೆ ಆದದ್ದಿಷ್ಟು. ಇನ್ಸ್‌ಪೆಕ್ಟರು ಮೊಳೆಯ ಮೇಲಿನ ರಿಜಿಸ್ಟರು ತೆಗೆದು ಬೆರಳಿಗೆ ಎಂಜಲು ಹಚ್ಚಿ ತಿರುವಿದ. ಅವನ ಕಣ್ಣು ಹುಟ್ಟಿದಂದಿನಿಂದ ಒತ್ತಡದ ಕಲಂ ಬಿಟ್ಟು ಬೇರೆ ಕಲಂ ನೋಡಿದ್ದಿಲ್ಲ. ನೂರಾ ಎಪ್ಪತ್ತು, ನೂರಾ ಎಪ್ಪತ್ತೆರಡು ಎಂದು ಕಂಡದ್ದೇ ತಡ, ತಲೆಯ ಮೇಲೇ ಇದ್ದ ಗೇಜು ಏಳು ತೋರಿಸುತ್ತಿರುವುದನ್ನು ನೋಡುವ ವ್ಯವಧಾನವೂ ಇಲ್ಲದೆ, ಬಾಯ್ಲರ್ ಸಿಡಿಯುತ್ತೆ, ಹೊರಗೆ ಹೋಗಿ ಎಂದು ಅರಚುತ್ತ ಸೈರನ್ನಿನ ಗುಂಡಿ ಒತ್ತಿ ರಿಜಿಸ್ಟರಿನ ಸಮೇತ ಅಂಗಳಕ್ಕೆ ಹಾರಿದ. ಅವನ ಹಿಂದೆ ಅರವತ್ತು ಜನ. ಒದ್ದೆ ಹಾಸಿಗೆ ಬಟ್ಟೆ ಹೊದ್ದವರು ಕೆಲವರು, ಸೋಪಿನ ಕೈಯವರು ಕೆಲವರು. ಭಾಮೈದ ಮಾತ್ರ ಅರ್ಧ ಮಡಚಿದ ಹೊದಿಕೆಯನ್ನು ಮೂಲೆ ಬಿಡದೆ ಹಿಡಿದುಕೊಂಡೇ ಬಂದಿದ್ದ.

ಬಾಯ್ಲರಣ್ಣ ಮೆಟ್ಟಿಲಿಳಿದು ಜನ ಬರುವ ದಿಕ್ಕಿಗೆ ಎದುರಾಗಿ ನುಗ್ಗಿದ. ಬಾಗಿಲ ಹತ್ತಿರ ಇನ್ಸ್‌ಪೆಕ್ಟರು ತೋಳು ಹಿಡಿದ. "ಒಳಗೆ ಹೋಗ್ಬೇಡ, ಸಾಯ್ತೀಯ. ನೂರಾ ಎಪ್ಪತ್ತೆರಡಿದೆ."

"ಅದು ನಾನು ಸಾರ್."

"ಏನು ನೀನು?"

"ಆ ನೂರಾ ಎಪ್ಪತ್ತೆರಡು ನಾನು. ಬಾಯ್ಲರ್ ಏಳು. ಕಡೇ ಕಲಂ ಓದಿ."

ಇನ್ಸ್‌ಪೆಕ್ಟರು ಜೀವನದಲ್ಲಿ ಮೊದಲ ಬಾರಿಗೆ ಕಡೆಯ ಕಲಂ ಓದಿದ. ಗಟ್ಟಿಯಾಗಿಯೇ ಓದಿದ, ಅರವತ್ತು ಜನಕ್ಕೂ ಕೇಳುವ ಹಾಗೆ. "ಈರುಳ್ಳಿ ಸಿಪ್ಪೆ ಒಂದು ಹಿಡಿ, ಹೊಟ್ಟೆಯಲ್ಲಿ ಗುಡುಗು. ಭಾಮೈದನ ಮುಖ ನೋಡಿದ್ದರಿಂದ." ಎಲ್ಲರೂ ಭಾಮೈದನ ಮುಖ ನೋಡಿದರು, ಇಷ್ಟು ಒತ್ತಡ ಏರಿಸುವಂಥದ್ದು ಅದರಲ್ಲೇನಿದೆ ಎಂದು.

"ಇಪ್ಪತ್ತು ವರ್ಷದಿಂದ ಗೊತ್ತಿತ್ತು ಬಿಡಿ ಭಾವ," ಎಂದ ಅವನು. "ಈಗ ಬರಹದಲ್ಲಿ ಸಿಕ್ತು."

ಆದರೆ ಇನ್ಸ್‌ಪೆಕ್ಟರಿಗೂ ಒಂದು ಮರ್ಯಾದೆ ಇತ್ತು. ಅರವತ್ತು ಜನರ ಮುಂದೆ ಹಾರಿ ಬಂದಾಗಿದೆ. "ಮೊಳೆ ಮೇಲೆ ಸಿಕ್ಕಿದ್ದೇ ಬಾಯ್ಲರಿನ ರಿಜಿಸ್ಟರು. ನಾನು ಬೇರೆ ನೋಡಲ್ಲ. ಬೆಂಕಿ ಆರಿಸು, ತಣ್ಣಗಾದ ಮೇಲೆ ಬಿಚ್ಚಿಸಿ ಒಳಗೆ ನೋಡ್ತೀನಿ."

ಬಾಯ್ಲರಣ್ಣ ಬೆಂಕಿ ಆರಿಸಿದ. ಒತ್ತಡ ಪೂರ್ತಿ ಇಳಿಯುವವರೆಗೆ ಬಿಟ್ಟು ಬರುವ ಹಾಗಿಲ್ಲ, ಸ್ಟೂಲಿನ ಮೇಲೆ ಕೂತ. ಡಾಕ್ಟರಮ್ಮ ಯಂತ್ರ ಹಿಡಿದು ಅಲ್ಲಿಗೇ ಬಂದರು. "ಐದು ನಿಮಿಷ ಮಾತಾಡದೆ ಕೂತಿರಿ," ಎಂದು ಪಟ್ಟಿ ಸುತ್ತಿದರು. ಸೈರನ್ ನಿಂತಿತ್ತು, ಯಂತ್ರಗಳು ನಿಂತಿದ್ದವು, ಲಾಂಡ್ರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ. ಗೇಜಿನ ಮುಳ್ಳು ಏಳರಿಂದ ಆರೂವರೆಗೆ, ಆರೂವರೆಯಿಂದ ಆರಕ್ಕೆ ಜಾರುವುದನ್ನು ನೋಡುತ್ತ ಕೂತ.

"ನೂರಾ ಮೂವತ್ತಾರು," ಎಂದರು ಡಾಕ್ಟರಮ್ಮ. ಇನ್ನೊಮ್ಮೆ ನೋಡಿದರು. "ನೂರಾ ಮೂವತ್ತೈದು. ಕೆಳಗಡೆ ಎಂಬತ್ತೆಂಟು." ಸಹಿ ಹಾಕಿದರು. "ಇದು ಸಿಪ್ಪೆ ಒಂದರಿಂದಲೇ ಅಂತ ತಿಳ್ಕೋಬೇಡಿ. ಮಾತ್ರೆ ಬಿಡಬೇಡಿ."

"ಉಪ್ಪಿನ ವಿಷಯ ಏನೋ ಹೇಳ್ತಿದ್ರಿ ಅವತ್ತು," ಎಂದ ಬಾಯ್ಲರಣ್ಣ. ಈ ಸಲ ಪೂರ್ತಿ ಕೇಳಿಸಿಕೊಂಡ.

ಮೂರನೆಯ ದಿನ ಬಾಯ್ಲರಿನ ಮುಚ್ಚಳ ಬಿಚ್ಚಿದರು. ಇನ್ಸ್‌ಪೆಕ್ಟರು ಟಾರ್ಚು ಬಿಟ್ಟು ನೋಡಿದ. ಆಮೇಲೆ ಬೆರಳಿನಿಂದ ಗೋಡೆ ಕೆರೆದು ತೋರಿಸಿದ. ಸುಣ್ಣದ ಪದರ, ಉಗುರು ದಪ್ಪ.

ಬಾಯ್ಲರಣ್ಣ ಕಪಾಟು ತೆರೆದ. ಪುಡಿಯ ನಾಲ್ಕು ಡಬ್ಬಿ, ಸೀಲು ಒಡೆಯದೆ, ಸಾಲಾಗಿ ಕೂತಿದ್ದವು. ತನ್ನ ಪದರ ಉದುರಿಸುವ ಗಡಿಬಿಡಿಯಲ್ಲಿ ಒಂದು ತಿಂಗಳು ಅದಕ್ಕೆ ಒಂದು ಚಮಚ ಪುಡಿಯನ್ನೂ ಹಾಕಿರಲಿಲ್ಲ. ಸುಳ್ಳು ಹೇಳಬಹುದಿತ್ತು. "ತಪ್ಪು ನನ್ನದು ಸಾರ್. ಮರೆತೆ," ಎಂದ. ನೂರಾ ಅರವತ್ತೆಂಟು ಎಂದಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಮನುಷ್ಯ ಪಾಸಾದ, ಬಾಯ್ಲರ್ ಫೇಲಾಯಿತು. ಹನ್ನೆರಡು ದಿನ ಗಡುವು ಕೊಟ್ಟು ಇನ್ಸ್‌ಪೆಕ್ಟರು ಹೋದ.

ಒಳಗಿಳಿದು ಪದರ ಕೆರೆಯಬೇಕು. ಬಾಯ್ಲರಣ್ಣ ಅಂಗಿ ಬಿಚ್ಚಿ, ಒಳಹೋಗುವ ಕಂಡಿಗೆ ತಲೆ ಹಾಕಿದ, ಭುಜ ಹಾಕಿದ. ಹೊಟ್ಟೆ ಒಪ್ಪಲಿಲ್ಲ. ಇಬ್ಬರು ಕಾಲು ಹಿಡಿದು ಹೊರಗೆ ಎಳೆದರು. ಲಾಂಡ್ರಿಯಲ್ಲಿ ಆ ಕಂಡಿಗೆ ಹಿಡಿಯುವ ಮೈ ಒಂದೇ ಇತ್ತು. ಕರೆಯುವ ಮೊದಲೇ ಭಾಮೈದ ಬಂದು ಚಪ್ಪಲಿ ಬಿಡುತ್ತಿದ್ದ.

ಒಂಬತ್ತು ದಿನ ಅವನು ಒಳಗೆ, ಇವನು ಹೊರಗೆ. ಇವನು ದೀಪ ಹಿಡಿದ, ಕೆರೆಯುವ ಉಳಿ ಮಸೆದು ಕೊಟ್ಟ, ಚಹಾ ದಾಟಿಸಿದ. ಕಬ್ಬಿಣದ ಹೊಟ್ಟೆಯೊಳಗಿಂದ ದನಿ ಬರುತ್ತಿತ್ತು: "ಭಾವ, ಇಲ್ಲಿ ಮೂಲೆಗೆ ಮೂಲೆ ಸೇರಿಲ್ಲ. ಯಾರು ನೋಡ್ಕೊತಿದ್ರು ಇದನ್ನ?" ಬಾಯ್ಲರಣ್ಣ ಹಲ್ಲು ಕಚ್ಚಿ ಕೂತ. ತೋಳಿಗೆ ಪಟ್ಟಿ ಸುತ್ತಿ ನೋಡಿಕೊಂಡರೆ, ಆಶ್ಚರ್ಯ, ನೂರಾ ಮೂವತ್ತೆಂಟೇ ಇತ್ತು.

ಬಾಯ್ಲರ್ ಮತ್ತೆ ಹೊತ್ತಿಕೊಂಡ ದಿನ ಗೋಡೆಗೆ ಎರಡನೆಯ ಮೊಳೆ ಬಂದಿತ್ತು. ಬಾಯ್ಲರಣ್ಣನ ಒತ್ತಡದ ರಿಜಿಸ್ಟರಿಗೆ ಹೆಂಡತಿ ಹಳೇ ದಿಂಬಿನ ಚೀಲದ ಹೂವಿನ ಬಟ್ಟೆಯಲ್ಲಿ ಅಂಗಿ ಹೊಲಿದು ಕೊಟ್ಟಿದ್ದಳು. ಮಧ್ಯಾಹ್ನ ಭಾಮೈದ ಬಂದು ಬಾಗಿಲಲ್ಲಿ ನಿಂತ. ಮೊದಲು ಬಾಗಿಲ ಆಚೆಯಿಂದಲೇ ಮಾತಾಡಿ ಹೋಗುತ್ತಿದ್ದವನು ಅವನು.

"ಬಾ, ಒಳಗೆ ಬಾ," ಎಂದ ಬಾಯ್ಲರಣ್ಣ. ಸೇಬೊಂದನ್ನು ತೊಳೆದು, ಸಿಪ್ಪೆ ಸಮೇತ ಎರಡು ಭಾಗ ಮಾಡಿ ದೊಡ್ಡದನ್ನು ಅವನ ಕೈಗಿಟ್ಟ. ಇಬ್ಬರೂ ಗೇಜು ನೋಡುತ್ತ ಕೂತರು. ಮುಳ್ಳು ಏಳರ ಮೇಲೆ ನಿಂತಿತ್ತು. ಭಾಮೈದ ಒಂದು ಕಚ್ಚು ಕಚ್ಚಿದ, ಅಗಿದ, ಸುತ್ತ ಕಣ್ಣಾಡಿಸಿದ.

"ಸ್ವಲ್ಪ ಹುಳಿ ಇದೆ ಭಾವ. ಇಲ್ಲೆಲ್ಲಾದ್ರೂ ಉಪ್ಪಿದೆಯಾ?"

ಬಾಯ್ಲರಣ್ಣ ಎದ್ದು ತೋಳಿಗೆ ಪಟ್ಟಿ ಸುತ್ತಿಕೊಂಡು, ಹೂವಿನ ಬಟ್ಟೆಯ ರಿಜಿಸ್ಟರು ತೆಗೆದು, ಒತ್ತಿ ಒತ್ತಿ ಬರೆದ:

"ಮೂರು ಗಂಟೆ. ೧೪೬. ಒಂದು ಲೋಟ. ಭಾಮೈದ ಉಪ್ಪು ಕೇಳಿದ."